ನೆರಳು ನನಗಾಗಿ ನಿಲ್ಲುವುದಿಲ್ಲ: ಸ್ಥಳದಲ್ಲೇ ಕೂತು ಚಿತ್ರ ಬರೆಯುವವರಿಗೆ ಒಂದು ಪ್ರಶ್ನೆ

ಕೇಳಿದವರು: ಉಣಕಲ್ ದಂಡೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು, ಕಚೇರಿಯೊಂದರಲ್ಲಿ ಗುಮಾಸ್ತ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆ ಪಾಸು ಮಾಡಿದ್ದನ್ನು ಬಿಟ್ಟರೆ ಚಿತ್ರಕಲೆಯ ಶಿಕ್ಷಣ ನನಗಿಲ್ಲ. ಕಳೆದ ದೀಪಾವಳಿಗೆ ಮಗಳಿಗೆಂದು ತಂದ ಜಲವರ್ಣದ ಡಬ್ಬಿಯನ್ನು ಒಂದು ದಿನ ಸುಮ್ಮನೆ ತೆರೆದು ಕೂತವನು ಅದನ್ನು ಅವಳಿಗೆ ವಾಪಸು ಕೊಡಲೇ ಇಲ್ಲ. ಈಗ ಅವಳಿಗೆ ಬೇರೆ ಡಬ್ಬಿ ಬಂದಿದೆ. ಭಾನುವಾರ ಬೆಳಿಗ್ಗೆ ಉಣಕಲ್ ಕೆರೆಯ ಏರಿಯ ಮೇಲೋ, ಹತ್ತಿರದ ಚಂದ್ರಮೌಳೇಶ್ವರ ಗುಡಿಯ ಎದುರೋ, ಕೆಲವೊಮ್ಮೆ ದುರ್ಗದ ಬೈಲಿನ ಒಂದು ಮೂಲೆಯಲ್ಲೋ ಕೂತು ಬರೆಯುತ್ತೇನೆ.

ನನ್ನ ಮೊದಲ ತೊಂದರೆ ನೆರಳಿನದು. ಏಳೂವರೆಗೆ ಕೂತು ಪೆನ್ಸಿಲ್ ಕೆಲಸ ಮುಗಿಸುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಬಣ್ಣ ಹಚ್ಚುವ ಹೊತ್ತಿಗೆ ನಾನು ಕಂಡಿದ್ದ ನೆರಳು ಅಲ್ಲಿರುವುದಿಲ್ಲ. ಹೋದ ವಾರ ಗುಡಿಯ ಚಿತ್ರ ತೋರಿಸಿದಾಗ ಮಗಳು "ಅಪ್ಪಾ, ಇದರಾಗ ಎರಡು ಸೂರ್ಯ ಅದಾವೇನು?" ಎಂದು ಕೇಳಿದಳು. ನೋಡಿದರೆ ನಿಜ, ಗೋಡೆಯ ನೆರಳು ಒಂದು ಹೊತ್ತಿನದು, ಮರದ ನೆರಳು ಇನ್ನೊಂದು ಹೊತ್ತಿನದು. ಎರಡನೆಯದಾಗಿ, ಅಲ್ಲಿ ಕೂತಾಗ ತಕ್ಕಮಟ್ಟಿಗೆ ಚೆನ್ನಾಗಿ ಕಂಡ ಚಿತ್ರ ಮನೆಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದಾಗ ಪಾತ್ರೆ ತೊಳೆದ ನೀರಿನಂತೆ ಕಪ್ಪಾಗಿ ಕಾಣುತ್ತದೆ. ಇದರ ಜೊತೆಗೆ, ಆಕಾಶಕ್ಕೆ ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣ, ಎಳೆದು ಮುಗಿಯುವ ಮೊದಲೇ ಅದರ ಮೇಲಂಚು ಒಣಗಿ ಗೆರೆ ಬೀಳುತ್ತದೆ.

ಫೆಬ್ರವರಿಯಲ್ಲಿ ಹಾವೇರಿ ಜಿಲ್ಲೆಯ ಗಳಗನಾಥಕ್ಕೆ ಹೋಗಿ ತುಂಗಭದ್ರೆಯ ಹರಿಗೋಲುಗಳನ್ನು ಬರೆಯಬೇಕೆಂದು ಬಹಳ ಆಸೆಯಿದೆ. ಆದರೆ ಅಭ್ಯಾಸಕ್ಕೆಂದು ಮನೆಯಲ್ಲಿ ಬರೆದ ಹರಿಗೋಲುಗಳೆಲ್ಲ ನೀರಿನ ಮೇಲೆ ಇರದೆ, ನೀರಿನ ಎದುರು ನೇತುಹಾಕಿದ ಜರಡಿಗಳಂತೆ ಬಂದಿವೆ. ನಾನು ನೋಡುವ ವಿದೇಶದ ಪಾಠಗಳಲ್ಲಿ ಚಿತ್ರಕಾರರು ಒಂದೇ ಜಾಗದಲ್ಲಿ ಮೂರು ಗಂಟೆ ಆರಾಮಾಗಿ ಕೂತು ಮುಗಿಸುತ್ತಾರೆ. ನನ್ನ ಕೈ ನಿಧಾನವೋ, ಕ್ರಮವೇ ತಪ್ಪೋ ತಿಳಿಯುತ್ತಿಲ್ಲ. ಫೋಟೊ ತೆಗೆದುಕೊಂಡು ಮನೆಯಲ್ಲೇ ಕೂತು ಬರೆ ಎನ್ನುತ್ತಾನೆ ಗೆಳೆಯ. ಬಲ್ಲವರು ದಯವಿಟ್ಟು ತಿಳಿಸಬೇಕು.


ಉತ್ತರ: ಬೆಟಗೇರಿ ಮಾಸ್ತರ (ಗದಗ)

ವಯಸ್ಸಿನಲ್ಲಿ ಹಿರಿಯನಾದ್ದರಿಂದ ನಿಮ್ಮನ್ನು ತಮ್ಮಾ ಎಂದೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಕಲಾಶಾಲೆಯಲ್ಲಿ ಕಲಿತು, ಮುಂದೆ ಮೂರು ದಶಕ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದವನು ನಾನು. ನಿಮ್ಮ ಮಗಳು ಕೇಳಿದ ಪ್ರಶ್ನೆಯನ್ನು ನನ್ನ ಗುರುಗಳು ನನಗೂ ಕೇಳಿದ್ದರು. ಅವರ ಮಾತು ಇಷ್ಟು ಮೃದುವಾಗಿರಲಿಲ್ಲ.

ನಿಮ್ಮ ಕೈ ನಿಧಾನವೇನಲ್ಲ, ನಮ್ಮ ಸೂರ್ಯ ಚುರುಕು. ಇದು ತಮಾಷೆಯ ಮಾತಲ್ಲ, ಲೆಕ್ಕ ಹಾಕಿ ಹೇಳುತ್ತಿದ್ದೇನೆ. ಹುಬ್ಬಳ್ಳಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಲಂಡನ್ ಇರುವುದು ಐವತ್ತೊಂದೂವರೆ ಡಿಗ್ರಿಯಲ್ಲಿ. ಹಗಲು ರಾತ್ರಿ ಸಮವಾಗಿರುವ ಮಾರ್ಚ್ ಮೂರನೆಯ ವಾರದಲ್ಲಿ ಸೂರ್ಯ ಹುಟ್ಟಿದ ಮೇಲೆ ನಮ್ಮಲ್ಲಿ ಮೊದಮೊದಲು ಗಂಟೆಗೆ ಹದಿನಾಲ್ಕು ಡಿಗ್ರಿಗೂ ಹೆಚ್ಚು ಮೇಲೇರುತ್ತಾನೆ. ಅವರಲ್ಲಿ ಏರುವುದು ಒಂಬತ್ತು ಡಿಗ್ರಿಯ ಆಸುಪಾಸು. ನಿಮ್ಮ ಓಣಿಯಲ್ಲಿ ಹತ್ತು ಅಡಿಯ ಕಂಬವೊಂದಿದೆ ಎಂದುಕೊಳ್ಳಿ. ಆ ದಿನ ಸೂರ್ಯ ಹುಟ್ಟಿ ಒಂದು ಗಂಟೆಯಾದಾಗ ಅದರ ನೆರಳು ಮೂವತ್ತೆಂಟು ಅಡಿಯ ಮೇಲಿರುತ್ತದೆ, ಎರಡು ಗಂಟೆಯಾದಾಗ ಹದಿನೆಂಟಕ್ಕೆ ಇಳಿಯುತ್ತದೆ, ಮೂರನೆಯ ಗಂಟೆಗೆ ಹನ್ನೊಂದರ ಒಳಗೆ ಬರುತ್ತದೆ. ನೀವು ಪೆನ್ಸಿಲ್ ಹಿಡಿದು ಕೂತ ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೆರಳು ಕರಗಿಹೋಗಿರುತ್ತದೆ. ಇಂಗ್ಲೆಂಡಿನಲ್ಲೋ ಫ್ರಾನ್ಸಿನಲ್ಲೋ ಕೂತವನಿಗೆ ಸೂರ್ಯ ದಿನವೆಲ್ಲ ಓರೆಯಾಗಿಯೇ ಇರುತ್ತಾನೆ, ಚಳಿಗಾಲದಲ್ಲಂತೂ ಮಧ್ಯಾಹ್ನಕ್ಕೂ ನೆರಳು ಉದ್ದವಾಗಿಯೇ ಇರುತ್ತದೆ. ಆದ್ದರಿಂದ ಅವನು ಮೂರು ಗಂಟೆ ಕೂರಬಲ್ಲ. ನಮ್ಮಲ್ಲಿ ಮೇ ತಿಂಗಳ ಆರಂಭದಲ್ಲಿ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಹಾಗಾಗಿ ಅವರ ಪುಸ್ತಕದಿಂದ ಬಣ್ಣದ ವಿಷಯ ಕಲಿಯಿರಿ, ಗಡಿಯಾರದ ವಿಷಯ ಕಲಿಯಬೇಡಿ.

ನಾನು ಮಕ್ಕಳಿಗೆ ಕಲಿಸುತ್ತಿದ್ದ ಕ್ರಮ ಹೀಗಿತ್ತು. ಕೂತ ಕೂಡಲೇ ದೊಡ್ಡ ಹಾಳೆಯನ್ನು ಮುಟ್ಟಬಾರದು. ಬೆಂಕಿಪೊಟ್ಟಣದ ಗಾತ್ರದ ಚೌಕವೊಂದನ್ನು ನೋಟ್‌ಬುಕ್ಕಿನಲ್ಲಿ ಹಾಕಿಕೊಂಡು, ಮೆತ್ತನೆಯ ಪೆನ್ಸಿಲ್ಲಿನಿಂದ ಬಿಸಿಲಿಗೆ ಬಿಳಿ, ನೆರಳಿಗೆ ಕಪ್ಪು ಎಂದು ಎರಡೇ ಪಾಲು ಮಾಡಬೇಕು. ಇದು ಐದು ನಿಮಿಷದ ಕೆಲಸ, ಆದರೆ ಮುಂದೆ ಸೂರ್ಯ ಎಲ್ಲಿಗೆ ಹೋದರೂ ನೀವು ನಂಬಬೇಕಾದದ್ದು ಈ ಚೌಕವನ್ನೇ, ಕಣ್ಣೆದುರಿನ ಗೋಡೆಯನ್ನಲ್ಲ. ಆಮೇಲೆ ದೊಡ್ಡ ಹಾಳೆಯಲ್ಲಿ ಗುಡಿಯ ಕಂಬಗಳನ್ನು ಎಣಿಸುವ ಮೊದಲೇ ನೆರಳಿನ ಅಂಚನ್ನು ಗುರುತು ಮಾಡಿ, ತೆಳುವಾದ ಮೊದಲ ವಾಶ್ ಒಣಗಿದ ಕೂಡಲೇ ಎಲ್ಲ ನೆರಳುಗಳನ್ನೂ ಒಂದೇ ದಮ್ಮಿಗೆ, ಒಂದೇ ಮಿಶ್ರಣದಿಂದ ಹಚ್ಚಿಬಿಡಬೇಕು. ಇದಕ್ಕೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಈ ಎರಡು ಸಾಕು. ಕುಸುರಿ ಕೆಲಸ ಕೊನೆಗೆ. ಅದನ್ನು ಎಷ್ಟು ಹೊತ್ತಿಗೆ ಬೇಕಾದರೂ ಮಾಡಬಹುದು, ಏಕೆಂದರೆ ಕಂಬದ ಮೇಲಿನ ಕೆತ್ತನೆ ಎದ್ದು ಹೋಗುವುದಿಲ್ಲ.

ಒಂದೇ ದಿನದಲ್ಲಿ ಮುಗಿಯದಿದ್ದರೆ ಮರುದಿನ ಅದೇ ಹೊತ್ತಿಗೆ ಬನ್ನಿ. ಮೋನೆ ಎಂಬ ಫ್ರೆಂಚ್ ಚಿತ್ರಕಾರರು ರೂಆನ್ ಊರಿನ ಚರ್ಚನ್ನು 1892–93ರಲ್ಲಿ ಬರೆಯುವಾಗ ಹಲವು ಕ್ಯಾನ್ವಾಸುಗಳನ್ನು ಸಾಲಾಗಿಟ್ಟುಕೊಂಡು, ಬೆಳಕು ಬದಲಾದಂತೆಲ್ಲ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಅದಕ್ಕೂ ಎಪ್ಪತ್ತು ವರ್ಷ ಮೊದಲು ಕಾನ್‌ಸ್ಟೇಬಲ್ ಎಂಬ ಇಂಗ್ಲಿಷ್ ಚಿತ್ರಕಾರರು ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡಗಳನ್ನು ಬರೆದು, ಹಲವು ಚಿತ್ರಗಳ ಹಿಂಬದಿಗೆ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಬರೆದಿಟ್ಟರು. ನೀವೂ ಹಾಳೆಯ ಹಿಂದೆ ಹೊತ್ತು ಬರೆಯಿರಿ. ಒಂದು ವರ್ಷದ ಹಾಳೆಗಳನ್ನು ತಿರುವಿ ನೋಡಿದರೆ, ಚೆನ್ನಾಗಿ ಬಂದವೆಲ್ಲ ಯಾವ ಹೊತ್ತಿನವು ಎಂಬುದು ನಿಮಗೇ ತಿಳಿಯುತ್ತದೆ.

ಇನ್ನು ಚಿತ್ರ ಕಪ್ಪಾಗುವ ವಿಷಯ. ನೀವು ಹಾಳೆಯ ಮೇಲೆ ನೇರ ಬಿಸಿಲು ಬೀಳುವಂತೆ ಕೂರುತ್ತೀರಿ ಎಂದು ನೋಡದೆಯೇ ಹೇಳಬಲ್ಲೆ. ಬಿಸಿಲಿನಲ್ಲಿ ಬಿಳಿ ಹಾಳೆ ಕಣ್ಣು ಕೋರೈಸುತ್ತದೆ, ಹಚ್ಚಿದ ಬಣ್ಣವೆಲ್ಲ ತಿಳಿಯಾಗಿ ಕಾಣುತ್ತದೆ, ಸಾಲದೆಂದು ಇನ್ನೊಂದಿಷ್ಟು ಗಾಢ ಮಾಡುತ್ತೀರಿ; ಮನೆಯ ಮಂದ ಬೆಳಕಿನಲ್ಲಿ ಹೆಚ್ಚಾದದ್ದೆಲ್ಲ ಮುಖಕ್ಕೆ ರಾಚುತ್ತದೆ. ಕೂರುವ ನೀವೂ ಹಾಳೆಯೂ ನೆರಳಿನಲ್ಲಿರಬೇಕು, ಬರೆಯುವ ದೃಶ್ಯ ಬಿಸಿಲಿನಲ್ಲಿರಬೇಕು. ವಾಶ್ ಒಣಗುವುದಕ್ಕೂ ಅರ್ಧ ಕಾರಣ ಅದೇ ಬಿಸಿಲು. ಉಳಿದರ್ಧಕ್ಕೆ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಹತ್ತಿಯ ಹಾಳೆ ತೆಗೆದುಕೊಂಡು, ಹಿಂಬದಿಯನ್ನೂ ಒದ್ದೆ ಮಾಡಿ ಬೋರ್ಡಿನ ಮೇಲೆ ಅಂಟಿಸಿ ಕೂತರೆ ಅದು ಬಹಳ ಹೊತ್ತು ತಂಪಾಗಿರುತ್ತದೆ. ಗದಗಿನ ಏಪ್ರಿಲ್ಲಿನಲ್ಲಿ ಅದೂ ಸಾಲದಾದಾಗ ನಾನು ಔಷಧದ ಅಂಗಡಿಯ ಗ್ಲಿಸರಿನ್ನನ್ನು ಒಂದು ಲೋಟ ನೀರಿಗೆ ನಾಲ್ಕೈದು ಹನಿ ಹಾಕಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚಾದರೆ ಚಿತ್ರ ದಿನಗಟ್ಟಲೆ ಅಂಟಂಟಾಗಿಯೇ ಉಳಿದು, ಮೇಲಿಟ್ಟ ಹಾಳೆಯನ್ನು ಹಿಡಿದುಕೊಳ್ಳುತ್ತದೆ.

ನಮ್ಮ ಕಡೆಗೆ ಬಂದರೆ ಇನ್ನೆರಡು ಮಾತು ನೆನಪಿಡಿ. ಎರೆ ಹೊಲವನ್ನು ಕಪ್ಪು ಬಣ್ಣದಿಂದ ಬರೆಯಬೇಡಿ. ಉಳುಮೆಯಾದ ಎರೆ ಬೆಳಗಿನ ಬಿಸಿಲಿಗೆ ನೇರಳೆ ಬೆರೆತ ಬೂದಿಯಾಗಿ ಕಾಣುತ್ತದೆ, ಮಳೆ ಬಿದ್ದ ಮರುದಿನ ಮಾತ್ರ ನಿಜವಾಗಿ ಕಪ್ಪಾಗುತ್ತದೆ. ಟ್ಯೂಬಿನ ಕಪ್ಪು ಹಚ್ಚಿದರೆ ಹೊಲ ಡಾಂಬರಾಗುತ್ತದೆ. ಲಕ್ಕುಂಡಿಯ ಗುಡಿಗಳದ್ದು ಬಳಪದ ಕಲ್ಲು, ಅದರಲ್ಲಿ ಒಂದು ಹಸಿರು ಛಾಯೆಯ ಬೂದಿಯಿದೆ. ಪೋಸ್ಟರುಗಳಲ್ಲಿ ಕಾಣುವ ಹೊನ್ನಿನ ಬಣ್ಣವನ್ನು ನಂಬಿ ಹಳದಿ ಹಚ್ಚಿದವರು ಬಹಳ ಮಂದಿ. ಅಲ್ಲಿ ನೋಟ್‌ಬುಕ್ ಹಿಡಿದು ಕೂತವರಿಗೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಈಜಲ್, ಅಂದರೆ ಬೋರ್ಡು ನಿಲ್ಲಿಸುವ ಚೌಕಟ್ಟು, ನಿಲ್ಲಿಸುವುದಾದರೆ ಮೊದಲೇ ಕಾವಲಿನವರನ್ನು ಕೇಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರೆಂದರೆ ಅಲ್ಲಿ ಗಾಳಿ ಎಷ್ಟಿರಬಹುದು ಎಂದು ಹೇಳಬೇಕಾಗಿಲ್ಲ. ಆಷಾಢದಲ್ಲಿ ಒಮ್ಮೆ ನನ್ನ ಈಜಲ್ ಬೋರ್ಡಿನ ಸಮೇತ ಹಾರಿ ಜಾಲಿಯ ಕಂಟಿಯಲ್ಲಿ ಸಿಕ್ಕಿಕೊಂಡಿತು. ಅಂದಿನಿಂದ ಈಜಲ್ಲಿನ ನಡುವೆ ಕಲ್ಲು ತುಂಬಿದ ಕೈಚೀಲ ಕಟ್ಟುತ್ತೇನೆ.


ಉತ್ತರ: ಹೆಂಚಿನ ಮನೆ (ಧಾರವಾಡ)

ಮಾಸ್ತರರಿಗೆ ನಮಸ್ಕಾರ. ತಾವು ನೆರಳಿನ ಬಗ್ಗೆ ಬರೆದದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ಇದೆಲ್ಲ ಗದಗಿನ ಕಣ್ಣಿನಿಂದ ಬರೆದದ್ದು. ಧಾರವಾಡದಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ನೆರಳೇ ಇರುವುದಿಲ್ಲ, ಜಿಟಿಜಿಟಿ ಮಳೆ ಮಾತ್ರ ಇರುತ್ತದೆ. ಮೋಡ ಕವಿದ ದಿನ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುವುದರಿಂದ ಹತ್ತು ಗಂಟೆಗೆ ಕಂಡ ಓಣಿ ಒಂದು ಗಂಟೆಗೂ ಹಾಗೆಯೇ ಇರುತ್ತದೆ. ನಿಧಾನದ ಕೈಯವರಿಗೆ, ಅಂದರೆ ನನ್ನಂಥವರಿಗೆ, ಕಲಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ವಿದೇಶದ ಪಾಠದ ಮೂರು ಗಂಟೆ ಬೇಕಿದ್ದರೆ ತಮ್ಮಾ, ಶ್ರಾವಣದಲ್ಲಿ ಧಾರವಾಡಕ್ಕೆ ಬನ್ನಿ.

ಮಳೆಗಾಲದ ತೊಂದರೆ ಬೇರೆ ಬಗೆಯದು. ಒಂದು ವಾಶ್ ಒಣಗಲು ಮುಕ್ಕಾಲು ಗಂಟೆ ಬೇಕಾಗುತ್ತದೆ, ಅರ್ಧ ಒಣಗಿದ ಆಕಾಶದ ಮೇಲೆ ಒಂದು ಹನಿ ಸಿಡಿದರೆ ಹೂಕೋಸಿನಂಥ ಕಲೆ ಏಳುತ್ತದೆ. ಅದಕ್ಕೇ ನಾನು ಯಾವುದಾದರೂ ಕಟ್ಟೆಯ ಮೇಲೆ, ಹೆಂಚಿನ ಇಳಿಜಾರಿನ ಕೆಳಗೆ ಜಾಗ ಹುಡುಕುತ್ತೇನೆ. ಒಮ್ಮೆ ಜಾಗ ಸಿಗದೆ ನೀಲಿ ಛತ್ರಿಯ ಕೆಳಗೆ ಕೂತು ಸಾಧನಕೇರಿಯ ಕೆರೆಯನ್ನು ಬರೆದೆ. ಛತ್ರಿಯ ನೀಲಿ ಹಾಳೆಯ ಮೇಲೆಲ್ಲ ಬಿದ್ದಿತ್ತು. ಅದನ್ನು ಕಳೆಯಲು ನನಗರಿವಿಲ್ಲದೆಯೇ ಎಲ್ಲದಕ್ಕೂ ಹಳದಿ, ಕಾವಿ ಬೆರೆಸುತ್ತ ಹೋಗಿದ್ದೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಕೆರೆಗೆ ಕಾಮಾಲೆಯಾದಂತಿತ್ತು. ಛತ್ರಿ ಬಿಳಿಯದೋ ಕಪ್ಪೋ ಇರಲಿ, ಬಣ್ಣದ ಛತ್ರಿ ಬೇಡ.

ನಮ್ಮೂರಿನಲ್ಲಿ ಆ ದಿನಗಳಲ್ಲಿ ಎತ್ತ ನೋಡಿದರೂ ಹಸಿರು, ಹೊಸಬರು ಸೋಲುವುದೂ ಅಲ್ಲೇ. ಟ್ಯೂಬಿನಲ್ಲಿ ಬರುವ ಹಸಿರನ್ನು ಒಂದು ವರ್ಷ ಮುಟ್ಟುವುದಿಲ್ಲ ಎಂದು ವ್ರತ ಹಿಡಿಯಿರಿ. ಅಲ್ಟ್ರಾಮರೀನ್‌ಗೆ ಯೆಲ್ಲೊ ಓಕರ್ ಎಂಬ ಮಣ್ಣುಹಳದಿ ಬೆರೆಸಿದರೆ ಮಾವಿನ ಮರದ ಹಳೆಯ ಎಲೆಯ ಮಂಕು ಹಸಿರು ಬರುತ್ತದೆ, ನಿಂಬೆ ಹಳದಿ ಬೆರೆಸಿದರೆ ಹೊಸ ಹುಲ್ಲು ಬರುತ್ತದೆ, ಎರಡಕ್ಕೂ ತುಸು ಬರ್ನ್ಟ್ ಸಿಯೆನ್ನಾ ಸೇರಿಸಿದರೆ ಮರದ ಒಡಲಿನ ಕತ್ತಲೆ ಸಿಗುತ್ತದೆ. ದೂರದ ಮರಗಳಲ್ಲಿ ಹಳದಿಯನ್ನು ಕಡಿಮೆ ಮಾಡುತ್ತ ನೀಲಿಯನ್ನು ಉಳಿಸಿಕೊಂಡರೆ ಅವು ತಾವಾಗಿಯೇ ಹಿಂದೆ ಸರಿಯುತ್ತವೆ.

ಬೀದಿ ಬರೆಯುವವರಿಗೆ ಒಂದು ಸಣ್ಣ ಗುಟ್ಟಿದೆ. ಸಮತಟ್ಟಾದ ರಸ್ತೆಯಲ್ಲಿ ನೀವು ನಿಂತು ನೋಡಿದಾಗ, ಹತ್ತಿರದವರಿರಲಿ ದೂರದವರಿರಲಿ, ನಿಂತ ಜನರ ತಲೆಗಳೆಲ್ಲ ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಮಟ್ಟದ ಒಂದೇ ಗೆರೆಯ ಮೇಲೆ ಬರುತ್ತವೆ. ದೂರ ಹೋದಂತೆ ಪಾದಗಳು ಮೇಲೇರುತ್ತವೆ, ತಲೆ ಕೆಳಗಿಳಿಯುವುದಿಲ್ಲ. ಇದನ್ನು ಮರೆತರೆ ಸುಭಾಷ್ ರಸ್ತೆಯ ಜನರೆಲ್ಲ ಬಾವಿಯಲ್ಲಿ ಇಳಿದಂತೆ ಕಾಣುತ್ತಾರೆ. ಹುಬ್ಬಳ್ಳಿಯವರಿಗಂತೂ ಇದನ್ನು ಕಲಿಯಲು ಪ್ಲಾಟ್‌ಫಾರ್ಮ್ ಟಿಕೆಟ್ ಒಂದು ಸಾಕು. 2023ರಲ್ಲಿ ಉದ್ಘಾಟನೆಯಾದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ನಿಂತರೆ ಹಳಿ, ಮಾಡು, ದೀಪದ ಕಂಬ, ಜನರ ಸಾಲು ಎಲ್ಲವೂ ಒಂದೇ ಚುಕ್ಕಿಗೆ ಓಡುವುದನ್ನು ಕಣ್ಣಾರೆ ಕಾಣಬಹುದು.

ಜನ ಸುತ್ತುಗಟ್ಟುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದಬಹುದು. ಬೆನ್ನಿಗೆ ಗೋಡೆ ಇರುವ ಜಾಗ ಹಿಡಿಯಿರಿ. ಹಿಂದಿನಿಂದ ಬಗ್ಗಿ ನೋಡುವವರ ಕಾಟ ಅಲ್ಲಿಗೆ ತಪ್ಪುತ್ತದೆ. ಹೂವು ಮಾರುವ ಅಮ್ಮನ ಪಕ್ಕ ಜಾಗ ಕೇಳಿ ಕೂತರೆ ಆಕೆಯೇ ಹುಡುಗರನ್ನು ಗದರಿಸಿ ಓಡಿಸುತ್ತಾಳೆ. ಮೊದಲ ದಿನ ನಾನು ಪೆನ್ಸಿಲನ್ನು ಎದುರು ಹಿಡಿದು ಒಂದು ಕಣ್ಣು ಮುಚ್ಚಿ ಅಂಗಡಿಗಳ ಅಳತೆ ತೆಗೆಯುತ್ತಿದ್ದಾಗ ಕಿರಾಣಿ ಅಂಗಡಿಯವರೊಬ್ಬರು ಎದ್ದು ಬಂದು, "ಅಕ್ಕಾರ, ರೋಡ್ ಅಗಲ ಮಾಡ್ತಾರೇನ್ರಿ? ನಮ್ಮ ಕಟ್ಟಿ ಎಷ್ಟ್ ಹೋಗತೈತಿ?" ಎಂದು ಕೇಳಿದರು. ಚಿತ್ರ ಎಂದು ಎಷ್ಟು ಹೇಳಿದರೂ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನಾನು ಬಣ್ಣದ ಡಬ್ಬಿ ತೆರೆದ ಮೇಲೆಯೇ ಅವರು ಒಳಗೆ ಹೋದದ್ದು.


ಉತ್ತರ: ವರದೆಯ ದಂಡೆ (ಹಾವೇರಿ)

ಹರಿಗೋಲಿನ ಮಾತಿಗೆ ಯಾರೂ ಕೈ ಹಾಕಿಲ್ಲವಾದ್ದರಿಂದ ಅದನ್ನು ನಾನು ಬರೆಯುತ್ತೇನೆ. ಗಳಗನಾಥಕ್ಕೆ ವರ್ಷಕ್ಕೆ ಮೂರ್ನಾಲ್ಕು ಸಲ ಹೋಗುವವನು ನಾನು. ವರದೆ ತುಂಗಭದ್ರೆಯನ್ನು ಕೂಡುವ ಜಾಗ ಅದು. ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯೂ ಅಲ್ಲೇ ಇದೆ. ಅದರ ಬುಡ ಮೆಟ್ಟಿಲು ಮೆಟ್ಟಿಲಾಗಿ ದಪ್ಪಗಿದ್ದು, ಗುಡಿ ಚಕ್ಕಳಮಕ್ಕಳ ಹಾಕಿ ಕೂತಂತೆ ಕಾಣುತ್ತದೆ. ಅದನ್ನೂ ಹರಿಗೋಲನ್ನೂ ಒಂದೇ ಹಾಳೆಯಲ್ಲಿ ತುರುಕಲು ಹೋಗಬೇಡಿ ಅಣ್ಣಾ, ಎರಡೂ ಕೆಡುತ್ತವೆ.

ನಿಮ್ಮ ಹರಿಗೋಲು ಜರಡಿಯಾಗಲು ಕಾರಣ, ಅದು ದುಂಡಗಿದೆ ಎಂದು ನಿಮಗೆ ತಿಳಿದಿರುವುದು. ತಿಳಿದದ್ದನ್ನು ಮರೆತು ಕಂಡದ್ದನ್ನು ಬರೆಯಬೇಕು. ದಂಡೆಯ ಮೇಲೆ ನೆಲಕ್ಕೆ ಕೂತು ಐವತ್ತು ಹೆಜ್ಜೆ ದೂರದ ಹರಿಗೋಲನ್ನು ನೋಡಿದರೆ ಅದರ ಬಾಯಿ ಒಂದು ತೆಳ್ಳನೆಯ ಹುಣಸೆಬೀಜದಷ್ಟೇ ಕಾಣುತ್ತದೆ. ಅಗಲ ಎಂಟು ಪಾಲಿದ್ದರೆ ಎತ್ತರ ಒಂದು ಪಾಲೂ ಇರುವುದಿಲ್ಲ. ನೀವು ಎದ್ದು ನಿಂತಂತೆ, ದಿಬ್ಬ ಹತ್ತಿದಂತೆ ಆ ಬಾಯಿ ತೆರೆಯುತ್ತ ಹೋಗುತ್ತದೆ. ಆದ್ದರಿಂದ ಮೊದಲು ನಿಮ್ಮ ಕಣ್ಣಿನ ಮಟ್ಟದ ಗೆರೆ ಹಾಕಿಕೊಳ್ಳಿ. ನೀರಿನ ಮೇಲಿರುವ ಹರಿಗೋಲುಗಳಲ್ಲಿ ಆ ಗೆರೆಗೆ ಹತ್ತಿರವಾದಷ್ಟೂ ಬಾಯಿ ಮುಚ್ಚುತ್ತದೆ, ಕೆಳಗೆ ಅಂದರೆ ನಿಮ್ಮ ಕಾಲ ಬಳಿ ಬಂದಷ್ಟೂ ತೆರೆಯುತ್ತದೆ. ಎರಡು ಹರಿಗೋಲಿಗೂ ಒಂದೇ ಬಾಯಿ ಬರೆದರೆ ಒಂದಾದರೂ ನೀರು ಬಿಟ್ಟು ಮೇಲೆದ್ದುಬಿಡುತ್ತದೆ.

ಆಮೇಲೆ ಭಾರ. ಬರಿದಾದ ಹರಿಗೋಲು ನೀರಿನ ಮೇಲೆ ಹಗುರವಾಗಿ ತಿರುಗುತ್ತಿರುತ್ತದೆ. ಮನುಷ್ಯ ಒಂದು ಮಗ್ಗುಲಲ್ಲಿ ಕೂತು ಹುಟ್ಟು ಹಾಕುವಾಗ ಆ ಮಗ್ಗುಲು ತಗ್ಗಿ, ಆಚೆಯದು ತುಸು ಏಳುತ್ತದೆ. ಈ ಓರೆಯನ್ನು ಹಿಡಿದರೆ ಉಳಿದದ್ದನ್ನು ಎಷ್ಟು ಒರಟಾಗಿ ಬರೆದರೂ ನಡೆಯುತ್ತದೆ. ಹಿಂದೆ ಬಿದಿರಿನ ಚೌಕಟ್ಟಿಗೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹಾಗಾಗಿ ಹೊರಮೈ ಕಪ್ಪಗೆ ಹೊಳೆಯುತ್ತದೆ, ಒಳಗೆ ಬಿದಿರಿನ ಹೆಣಿಗೆಯ ಒಣ ಹಳದಿ ಕಾಣುತ್ತದೆ. ಬೆಳಗಿನ ಓರೆ ಬಿಸಿಲು ಒಳಮೈಯ ಒಂದು ಕಡೆಗೆ ಮಾತ್ರ ಬಿದ್ದಿರುತ್ತದೆ. ಆ ಹಳದಿ ತುಣುಕೊಂದೇ ಇಡೀ ಚಿತ್ರದ ಬೆಳಕು.

ಪ್ರತಿಬಿಂಬವನ್ನೂ ನೆರಳನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಪ್ರತಿಬಿಂಬ ಯಾವಾಗಲೂ ವಸ್ತುವಿನ ನೇರ ಕೆಳಗೆ, ನಿಮ್ಮ ಕಡೆಗೆ ಬರುತ್ತದೆ, ಸೂರ್ಯ ಎಲ್ಲಿದ್ದರೂ ಅದು ಸರಿಯುವುದಿಲ್ಲ; ನೆರಳು ಸೂರ್ಯನ ವಿರುದ್ಧ ಬೀಳುತ್ತದೆ. ನಿಂತ ತಿಳಿನೀರಿನಲ್ಲಿ ಪ್ರತಿಬಿಂಬ ಜೋರು, ನೆರಳು ಕಾಣುವುದೇ ಇಲ್ಲ ಎನ್ನಬಹುದು. ಮಳೆಗಾಲದ ಕೆಂಪು ರಾಡಿ ನೀರಿನಲ್ಲಿ ನೆರಳೂ ಬೀಳುತ್ತದೆ. ಕಪ್ಪು ವಸ್ತುವಿನ ಪ್ರತಿಬಿಂಬ ವಸ್ತುವಿಗಿಂತ ತುಸು ತಿಳಿ, ಬಿಳಿ ವಸ್ತುವಿನದು ತುಸು ಮಂಕು. ಎಡಕ್ಕೆ ವಾಲಿದ ಗಳದ ಪ್ರತಿಬಿಂಬವೂ ಎಡಕ್ಕೇ ವಾಲುತ್ತದೆ. ಇದನ್ನು ಬಲಕ್ಕೆ ತಿರುಗಿಸಿ ಬರೆದ ಚಿತ್ರಗಳನ್ನು ಪ್ರದರ್ಶನಗಳಲ್ಲೂ ಕಂಡಿದ್ದೇನೆ.

ಫೆಬ್ರವರಿ ಎಂದಿದ್ದೀರಿ, ಒಳ್ಳೆಯದು. ಆಗ ಹೊಳೆ ಇಳಿದು ಮರಳೂ ಬಂಡೆಯೂ ಹೊರಬಿದ್ದಿರುತ್ತವೆ, ದಂಡೆಯ ಮೇಲೆ ಹರಿಗೋಲುಗಳನ್ನು ಬೋರಲು ಹಾಕಿರುತ್ತಾರೆ. ಮೊದಲ ದಿನ ಬೋರಲು ಬಿದ್ದವನ್ನೇ ಬರೆಯಿರಿ, ಅವು ತಿರುಗುವುದಿಲ್ಲ. ಮುಂದೆ ಎಂದಾದರೂ ಕಾರವಾರದ ಕಡೆಗೆ ಹೋಗಿ ಕಡಲಿನ ದೋಣಿ ಬರೆಯುವುದಾದರೆ, ಮಲಗಿದ ಎಂಟರ ಅಂಕೆಯನ್ನು ತೆಳುವಾಗಿ ಎಳೆದು ಅದರೊಳಗೆ ದೋಣಿಯ ಎರಡೂ ಅಂಚುಗಳನ್ನು ಕಂಡುಕೊಳ್ಳುವ ಹಳೆಯ ಉಪಾಯವೊಂದಿದೆ, ಆ ಬಳುಕು ಅದರಲ್ಲಿ ತಾನಾಗಿ ಬರುತ್ತದೆ. ಹರಿಗೋಲಿಗೆ ಮೂತಿಯೂ ಇಲ್ಲ ಬಾಲವೂ ಇಲ್ಲ, ಆ ಉಪಾಯ ಇಲ್ಲಿಗೆ ಬೇಡ.

ವಾಪಸು ಬರುವಾಗ ಬ್ಯಾಡಗಿಯ ಮಾರುಕಟ್ಟೆ ನೋಡಿ. ಆ ದಿನಗಳಲ್ಲಿ ಮೆಣಸಿನಕಾಯಿಯ ಚೀಲಗಳು, ರಾಶಿಗಳು ಕಣ್ಣು ತುಂಬುತ್ತವೆ. ಅಷ್ಟಕ್ಕೂ ಒಂದೇ ಕೆಂಪು ಬಳಿದರೆ ರಾಶಿ ಹೋಗಿ ರತ್ನಗಂಬಳಿಯಾಗುತ್ತದೆ. ಬಿಸಿಲಿಗೆ ಬಿದ್ದದ್ದು ಕಿತ್ತಳೆಯ ಕಡೆಗೆ ವಾಲುತ್ತದೆ, ನೆರಳಿನದು ನೇರಳೆಯ ಕಡೆಗೆ. ಸುತ್ತಲಿನ ನೆಲ, ಗೋಡೆಗಳನ್ನು ಬೂದಿಯಲ್ಲೇ ಇಟ್ಟರೆ ಕೆಂಪು ತಾನೇ ಉರಿಯುತ್ತದೆ. ಘಾಟಿಗೆ ಕೆಮ್ಮುತ್ತಲೇ ಬರೆಯಬೇಕಾಗುತ್ತದೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎಂದು ಧೈರ್ಯ ಮಾಡಿ, ರಾಶಿಯಲ್ಲಿ ಕೈಯಾಡಿಸಿದ ಬೆರಳಿನಿಂದಲೇ ಕಣ್ಣುಜ್ಜಿಕೊಂಡು ಒಂದು ಗಂಟೆ ನಳದ ಕೆಳಗೆ ಕೂತವನು ನಾನು. ಆ ದಿನದ ಚಿತ್ರದಲ್ಲಿ ಆಕಾಶ ಮಾತ್ರ ಇದೆ.


ಉತ್ತರ: ರಾಣೆಬೆನ್ನೂರು ರಸ್ತೆ (ಹಾವೇರಿ)

ಫೋಟೊದ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇರುವುದರಿಂದ ಎರಡು ಗಂಟೆ ಹೊರಗೆ ಕೂರುವುದು ನನ್ನಿಂದಾಗದು; ಫೋಟೊ ನೋಡಿಯೇ ಬರೆಯುತ್ತೇನೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಮೊಬೈಲಿನ ಮೋಸಗಳನ್ನು ತಿಳಿದಿರಬೇಕು. ಅದರ ಲೆನ್ಸ್ ಅಗಲವಾದ್ದರಿಂದ ಕಣ್ಣಿಗೆ ದೊಡ್ಡದಾಗಿ ಕಂಡ ದೂರದ ಗುಡ್ಡ ಫೋಟೊದಲ್ಲಿ ಇರುವೆಯ ಹುತ್ತದಷ್ಟಾಗುತ್ತದೆ. ನೆರಳಿನೊಳಗಿನ ಬಣ್ಣವನ್ನು ಒಮ್ಮೆ ಕಪ್ಪು ಮಾಡಿ ನುಂಗುತ್ತದೆ, ಇನ್ನೊಮ್ಮೆ ತಾನೇ ಬೆಳಗಿಸಿ ನೆರಳೇ ಇಲ್ಲದಂತೆ ಮಾಡುತ್ತದೆ. ಅದಕ್ಕಾಗಿ ನಾನು ಹೋದ ಕಡೆ ಐದು ನಿಮಿಷ ನಿಂತು, ನೆರಳಿನ ಬಣ್ಣ ಯಾವುದು, ಎಲ್ಲಕ್ಕಿಂತ ಬೆಳ್ಳಗಿರುವುದು ಯಾವುದು ಎಂದು ಕೈಯಲ್ಲಿ ಬರೆದುಕೊಂಡು ಬರುತ್ತೇನೆ. ಫೋಟೊದಿಂದ ಆಕಾರ, ಚೀಟಿಯಿಂದ ಬಣ್ಣ.


ಉತ್ತರ: ಬೆಟಗೇರಿ ಮಾಸ್ತರ (ಗದಗ)

ಚೀಟಿಯ ಕ್ರಮ ಬಹಳ ಒಳ್ಳೆಯದು, ನಾನೂ ಒಪ್ಪಿದೆ. ಧಾರವಾಡದ ತಂಗಿ ಹೇಳಿದ ಶ್ರಾವಣದ ಮಾತಿಗೂ ನನ್ನಲ್ಲಿ ಎದುರು ಮಾತಿಲ್ಲ. ಗದಗಿನವರಿಗೆ ಮೋಡ ಕಂಡರೆ ಚಿತ್ರದ ನೆನಪಾಗುವುದಿಲ್ಲ, ಬಿತ್ತನೆಯ ನೆನಪಾಗುತ್ತದೆ.


ಕೇಳಿದವರು: ಉಣಕಲ್ ದಂಡೆ (ಹುಬ್ಬಳ್ಳಿ)

ಎಲ್ಲರಿಗೂ ಕೃತಜ್ಞತೆಗಳು. ಐದು ವಾರದ ಮೇಲೆ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಬೆಂಕಿಪೊಟ್ಟಣದ ಚೌಕಗಳು ಈಗ ಹತ್ತೊಂಬತ್ತಾಗಿವೆ. ಹಾಳೆಯನ್ನು ನೆರಳಿನಲ್ಲಿಟ್ಟ ಮೊದಲ ದಿನವೇ ಚಿತ್ರ ಟ್ಯೂಬ್‌ಲೈಟಿನ ಕೆಳಗೂ ತನ್ನ ಬಣ್ಣ ಉಳಿಸಿಕೊಂಡಿತು. ಇಷ್ಟು ಸಣ್ಣ ವಿಷಯಕ್ಕೆ ಮೂರು ತಿಂಗಳು ಬಣ್ಣವನ್ನು ಬೈದೆನಲ್ಲ ಎಂದು ನಾಚಿಕೆಯಾಯಿತು.

ಹೋದ ಭಾನುವಾರ ನಸುಕಿನ ನಾಲ್ಕಕ್ಕೆ ಹುಬ್ಬಳ್ಳಿ ಬಿಟ್ಟು ಗಳಗನಾಥ ತಲುಪಿದೆ. ಹೊಳೆ ಇಳಿದಿತ್ತು, ಹೇಳಿದಂತೆಯೇ ದಂಡೆಯ ಮೇಲೆ ಒಂದು ಹರಿಗೋಲು ಬೋರಲು ಬಿದ್ದಿತ್ತು. ಅದರ ನೆರಳು ಮರಳಿನ ಮೇಲೆ ಉದ್ದವಾಗಿ, ಹರಿಗೋಲಿನ ಮೂರು ಪಟ್ಟು ಚಾಚಿಕೊಂಡಿತ್ತು. ಚೌಕ ಹಾಕಿದೆ, ನೆರಳಿನ ಅಂಚು ಗುರುತು ಮಾಡಿದೆ, ತೆಳು ವಾಶ್ ಒಣಗಿದ ಕೂಡಲೇ ನೆರಳನ್ನು ಒಂದೇ ದಮ್ಮಿಗೆ ಹಚ್ಚಿ ಮುಗಿಸಿದೆ. ಇನ್ನು ಹರಿಗೋಲಿನ ಮೈಗೆ ಬ್ರಷ್ ಇಡಬೇಕು ಎನ್ನುವಷ್ಟರಲ್ಲಿ ಮೀನು ಹಿಡಿಯುವ ಹಿರಿಯರೊಬ್ಬರು ಬಂದು, ಅದನ್ನು ತಲೆಯ ಮೇಲೆ ಹೊತ್ತುಕೊಂಡು ನೀರಿಗಿಳಿದುಬಿಟ್ಟರು. ನನ್ನ ಹಾಳೆಯಲ್ಲಿ ನೆರಳಿತ್ತು, ಹರಿಗೋಲು ಇರಲಿಲ್ಲ.

ಎರಡು ಗಂಟೆಯ ಮೇಲೆ ಅವರು ವಾಪಸು ಬಂದಾಗ ನೆನಪಿನಿಂದ ಮುಗಿಸಿದ ಚಿತ್ರವನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ, "ಛಲೋ ಬಂದೈತ್ರಿ, ಆದರ ಇದು ನಮ್ಮದಲ್ಲ. ನಮ್ಮದಕ್ಕ ಈ ಮಗ್ಗಲಕ ಎರಡು ತ್ಯಾಪಿ ಅದಾವ್ರಿ" ಎಂದು ಹರಿಗೋಲನ್ನು ಹೊರಳಿಸಿ ತೋರಿಸಿದರು. ಅಂಗೈ ಅಗಲದ ಎರಡು ತೇಪೆಗಳು, ಹಳೆಯ ಡಾಂಬರು ಬೂದಿಯಾಗಿದ್ದ ಜಾಗದಲ್ಲಿ ಹೊಸದಾಗಿ ಬಳಿದು ಕಪ್ಪಗೆ ಹೊಳೆಯುತ್ತಿದ್ದವು. ಆ ಹೊತ್ತಿಗೆ ಸೂರ್ಯ ಮೇಲೆ ಬಂದಿದ್ದ. ಓರೆ ಬಿಸಿಲಿನಲ್ಲಿ ಅವು ಹೇಗೆ ಕಾಣುತ್ತವೆ ಎಂದು ನೋಡಲು ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇನೆ. ವರದೆಯ ದಂಡೆಯ ಅಣ್ಣಾವರು ಬರುವುದಾದರೆ ಆರೂವರೆಗೆ ಗುಡಿಯ ಎದುರು ಇರುತ್ತೇನೆ. ಬಿಳಿ ಛತ್ರಿ ತಂದಿರುತ್ತೇನೆ.